ಕೊಳಗದಿಂದ ಅಕ್ಷರಕ್ಕೆ

ಕೊಯ್ಲು ಮುಗಿದು ಕಣದಲ್ಲಿ ಭತ್ತದ ರಾಶಿ ಬಿದ್ದಾಗ ಹಿಂದಿನ ಮಲೆನಾಡಿನಲ್ಲಿ ಮನೆಮಂದಿಯೆಲ್ಲರ ಕಣ್ಣೂ ಒಂದು ವಸ್ತುವಿನ ಮೇಲೆ ನೆಟ್ಟಿರುತ್ತಿತ್ತು. ಅದು ಕೊಳಗ. ಅಳೆಯುವವನು ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸಿ, ಅನಂತರ ಎರಡು, ಮೂರು ಎಂದು ಮುಂದುವರಿಯುವನು. ಆ ವರ್ಷದ ಬೆಳೆಯಲ್ಲಿ ಎಷ್ಟು ಪಾಲು ಗೇಣಿಯಾಗಿ ಒಡೆಯನ ಕಣಜಕ್ಕೆ ಹೋಗಬೇಕು, ಎಷ್ಟು ಪಾಲು ಉತ್ತವನ ಮಕ್ಕಳ ಅನ್ನಕ್ಕೆ ಉಳಿಯಬೇಕು ಎಂಬುದನ್ನು ಆ ಎಣಿಕೆಯೇ ತೀರ್ಮಾನಿಸುತ್ತಿತ್ತು.

ಎಣಿಕೆಯಲ್ಲಿ ತಪ್ಪಿದ್ದರೆ ಎದುರಿಗೆ ನಿಂತವನು ಕೂಡಲೇ ಹಿಡಿಯಬಲ್ಲ. ಆದರೆ ಎಣಿಕೆ ಸರಿಯಾಗಿದ್ದು ಕೊಳಗವೇ ದೊಡ್ಡದಾಗಿದ್ದರೆ? ಸಾಗರ ತಾಲ್ಲೂಕಿನ ಕಾಗೋಡು ಎಂಬ ಸಣ್ಣ ಹಳ್ಳಿಯಲ್ಲಿ ಎದ್ದ ಪ್ರಶ್ನೆ ಇದೇ. ಗೇಣಿಯನ್ನು ಅಳೆದುಕೊಳ್ಳುವ ಕೊಳಗವು ನ್ಯಾಯವಾದ ಕೊಳಗಕ್ಕಿಂತ ದೊಡ್ಡದೆಂದು ಗೇಣಿದಾರರು ದೂರಿದರು. ಎಲ್ಲರಿಗೂ ಒಂದೇ ಕೊಳಗವಿರಬೇಕೆಂದು ಕೇಳಿದರು. ಈ ಬೇಡಿಕೆಯೊಡನೆ ಇತರ ಅನ್ಯಾಯಗಳ ದೂರುಗಳೂ ಕೂಡಿಕೊಂಡು ೧೯೫೧ರಲ್ಲಿ ಕಾಗೋಡು ಸತ್ಯಾಗ್ರಹವು ಪ್ರಾರಂಭವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಈ ಹೋರಾಟದಲ್ಲಿ ಬೆಳೆದ ನಾಯಕರು. ೧೯೫೨ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು.

ಚರಿತ್ರೆಯ ಪುಸ್ತಕಗಳಲ್ಲಿ ಕಾಗೋಡನ್ನು ಭೂಮಿಯ ಹೋರಾಟವೆಂದು ಬರೆಯುತ್ತಾರೆ. ಅದು ಸರಿಯೇ. ಆದರೆ ಅದು ಅಳತೆಯ ಹೋರಾಟವೂ ಆಗಿತ್ತೆಂಬುದನ್ನು ಮರೆಯಬಾರದು. ಅಳತೆಯ ಸಾಧನವು ಒಬ್ಬನ ಮನೆಯ ಮೂಲೆಯಲ್ಲಿದ್ದು, ಅದರ ಗಾತ್ರವನ್ನು ಅವನೇ ನಿರ್ಧರಿಸುವಂತಿದ್ದರೆ ಉಳಿದವರು ಎಷ್ಟು ಜಾಗರೂಕರಾಗಿ ಎಣಿಸಿದರೂ ಫಲವಿಲ್ಲ. ಎಲ್ಲರೂ ನೋಡಬಲ್ಲ, ಎಲ್ಲರೂ ಪರೀಕ್ಷಿಸಬಲ್ಲ, ಯಾರೊಬ್ಬರ ಸೊತ್ತೂ ಅಲ್ಲದ ಅಳತೆಯೇ ನ್ಯಾಯವಾದ ಅಳತೆ. ಇಂತಹ ಅಳತೆಗೆ ಇಂದಿನ ಆಡಳಿತದ ಭಾಷೆಯಲ್ಲಿ ‘ಮುಕ್ತ ಮಾನಕ’ ಎಂದು ಹೆಸರು. ಹೆಸರು ಹೊಸದು, ವಿಷಯ ಹಳೆಯದು.

ಎಷ್ಟು ಹಳೆಯದೆಂಬುದಕ್ಕೆ ನೆರೆಯ ಹೊಸನಗರ ತಾಲ್ಲೂಕಿನಲ್ಲಿಯೇ ಸಾಕ್ಷಿಯುಂಟು. ಅಲ್ಲಿನ ನಗರ ಎಂಬ ಊರು ಹಿಂದೆ ಬಿದನೂರು ಎಂದು ಪ್ರಸಿದ್ಧವಾಗಿತ್ತು. ಕೆಳದಿಯ ಅರಸರ ರಾಜಧಾನಿಯಾಗಿದ್ದ ಆ ಊರಿನಿಂದ ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನು ತನ್ನ ನಾಡಿನ ಭೂಮಿಯನ್ನು ಫಲವತ್ತತೆಗೆ ಅನುಗುಣವಾಗಿ ತರಗಳಾಗಿ ವಿಂಗಡಿಸಿ ಕಂದಾಯವನ್ನು ಗೊತ್ತುಪಡಿಸಿದನು. ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಕಂದಾಯವು ಹೆಚ್ಚೋ ಕಡಿಮೆಯೋ ಎಂಬುದು ಬೇರೆ ಮಾತು. ತಾನು ಕೊಡಬೇಕಾದುದೆಷ್ಟು ಎಂಬುದು ರೈತನಿಗೆ ಮುಂಚಿತವಾಗಿ ತಿಳಿದಿರುವುದೇ ಒಂದು ದೊಡ್ಡ ರಕ್ಷಣೆ.

ಸ್ವತಂತ್ರ ಭಾರತವು ೧೯೫೬ರಲ್ಲಿ ತೂಕ ಮತ್ತು ಅಳತೆಗಳಿಗೆ ಸಂಬಂಧಿಸಿದ ಕಾಯಿದೆಯನ್ನು ಮಾಡಿತು. ಮಣ, ಸೇರು, ಕೊಳಗ, ಬಳ್ಳಗಳ ಸ್ಥಾನಕ್ಕೆ ಕ್ರಮೇಣ ಕಿಲೋಗ್ರಾಂ ಮತ್ತು ಲೀಟರುಗಳು ಬಂದವು. ಇಂದು ತೀರ್ಥಹಳ್ಳಿಯ ಅಂಗಡಿಯಲ್ಲಿ ಒಂದು ಕಿಲೋ ಅಕ್ಕಿ ಕೊಂಡವನು ಆ ಕಿಲೋ ಯಾರದೆಂದು ಕೇಳುವುದಿಲ್ಲ. ತಕ್ಕಡಿಯನ್ನು ಮಾಡುವವನು ಖಾಸಗಿ ವ್ಯಾಪಾರಿ, ಅದಕ್ಕೆ ಮುದ್ರೆ ಹಾಕುವುದು ಸರ್ಕಾರ, ಅಳತೆ ಎಲ್ಲರದು. ಸರ್ಕಾರವೂ ಖಾಸಗಿಯವರೂ ಕೂಡಿ ನಡೆಯುವ ಬಗೆಗೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯಲಾರದು. ತಕ್ಕಡಿ ಮಾಡುವವನೇ ಕಿಲೋವಿನ ಒಡೆಯನೂ ಆದರೆ ಕಾಗೋಡಿನ ಕೊಳಗ ಹಿಂದಿರುಗಿ ಬಂದಂತೆಯೇ ಸರಿ.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಗಣಕಯಂತ್ರವು ಸರ್ಕಾರಿ ಕಚೇರಿಗಳನ್ನು ಪ್ರವೇಶಿಸಿತು. ಅದರೊಡನೆ ಹೊಸ ಬಗೆಯ ಕೊಳಗಗಳೂ ಪ್ರವೇಶಿಸಿದವು. ಅವು ಕಣ್ಣಿಗೆ ಕಾಣುವಂತಹವಲ್ಲ. ಆದುದರಿಂದಲೇ ಹೆಚ್ಚು ಎಚ್ಚರ ಬೇಕಾಯಿತು.

ರೈತನ ಬಾಳಿನಲ್ಲಿ ಪಹಣಿಗೆ ಇರುವ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಜಮೀನು ಯಾರ ಹೆಸರಿನಲ್ಲಿದೆ, ಅದರ ವಿಸ್ತೀರ್ಣ ಎಷ್ಟು ಎಕರೆ ಎಷ್ಟು ಗುಂಟೆ, ಅದರಲ್ಲಿ ಯಾವ ಬೆಳೆಯಿದೆ, ಸಾಲದ ಹೊರೆಯೇನಾದರೂ ಉಂಟೇ ಎಂಬ ಸಂಗತಿಗಳೆಲ್ಲ ಆ ಒಂದು ಹಾಳೆಯಲ್ಲಿರುತ್ತವೆ. ೧೯೭೪ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯಂತೆ ಗೇಣಿದಾರರು ಭೂಮಿಯ ಒಡೆತನಕ್ಕೆ ಅರ್ಜಿ ಹಾಕಿದಾಗ ಪಹಣಿಯಲ್ಲಿ ತಮ್ಮ ಹೆಸರು ದಾಖಲಾಗಿದ್ದವರಿಗೆ ಬಲವಾದ ಆಧಾರ ದೊರೆಯಿತು. ಹಾಗಿಲ್ಲದವರು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಪಹಣಿಯ ಪುಸ್ತಕವಿರುತ್ತಿದ್ದುದು ಮೊದಲು ಶಾನುಭೋಗರ ಬಳಿ, ಅವರ ಅನಂತರ ಗ್ರಾಮಲೆಕ್ಕಿಗರ ಬಳಿ. ಪುಸ್ತಕವಿದ್ದವನು ದೊರೆಯದಿದ್ದರೆ ಪಹಣಿಯೂ ದೊರೆಯದು.

ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಈ ಪುಸ್ತಕಗಳನ್ನು ಗಣಕಯಂತ್ರಕ್ಕೆ ಏರಿಸಿತು. ೨೦೦೦ದಿಂದ ೨೦೦೨ರವರೆಗಿನ ಅವಧಿಯಲ್ಲಿ ರಾಜ್ಯದ ೧೭೭ ತಾಲ್ಲೂಕುಗಳಲ್ಲಿ, ಅವುಗಳೊಡನೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿಯೂ, ಸುಮಾರು ೬೭ ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳು ಈ ವ್ಯವಸ್ಥೆಯೊಳಕ್ಕೆ ಬಂದವು. ತಂತ್ರಾಂಶವನ್ನು ರಚಿಸಿದ್ದು ಕೇಂದ್ರ ಸರ್ಕಾರಕ್ಕೆ ಸೇರಿದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಕೈಬರಹದ ಪುಸ್ತಕಗಳನ್ನು ನೋಡಿ ಬೆರಳಚ್ಚು ಮಾಡುವ ಅಗಾಧವಾದ ಕೆಲಸಕ್ಕೆ ಖಾಸಗಿ ಸಂಸ್ಥೆಗಳನ್ನು ನೇಮಿಸಿಕೊಳ್ಳಲಾಯಿತು. ಹದಿನೈದು ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿಯನ್ನು ಪಡೆಯುವ ಏರ್ಪಾಡಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥಪಡಿಸಬೇಕು, ಬದಲಾವಣೆ ಮಾಡುವ ಅಧಿಕಾರಿಯು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ಒತ್ತಿಯೇ ಮುಂದುವರಿಯಬೇಕು ಎಂಬ ನಿಯಮಗಳೂ ಬಂದವು.

ಇದರಿಂದ ಎಲ್ಲರ ಕಷ್ಟವೂ ತೀರಿತೆಂದು ಹೇಳುವುದು ಅತಿಶಯೋಕ್ತಿ. ಹಳೆಯ ಪುಸ್ತಕದಲ್ಲಿದ್ದ ತಪ್ಪು ಹೊಸ ಯಂತ್ರದಲ್ಲಿಯೂ ತಪ್ಪಾಗಿಯೇ ಉಳಿಯುತ್ತದೆ; ಅಚ್ಚುಕಟ್ಟಾಗಿ ಮುದ್ರಿತವಾದ ತಪ್ಪನ್ನು ನಂಬುವವರು ಇನ್ನೂ ಹೆಚ್ಚು. ಅಲ್ಲದೆ ತಾಲ್ಲೂಕು ಕಚೇರಿಯೇ ದೂರವಿದ್ದವರಿಗೆ ಕಿಂಡಿ ಹತ್ತಿರವಾಗಲಿಲ್ಲ. ಸಾಗರ ತಾಲ್ಲೂಕಿನ ಕರೂರು ಹೋಬಳಿಯನ್ನು ಗಮನಿಸಬಹುದು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ನಿಂತ ಮೇಲೆ ಸಾಗರ ಹೊಸನಗರಗಳ ಅನೇಕ ಹಳ್ಳಿಗಳು ಮುಳುಗಿದವು. ಆಚೆ ದಡದಲ್ಲಿ ಉಳಿದವರು ದಶಕಗಳ ಕಾಲ ಲಾಂಚಿನಲ್ಲಿ ನೀರು ದಾಟಿ ಸಾಗರಕ್ಕೆ ಬರಬೇಕಾಗಿತ್ತು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆಯಾಗಿ ಜನಸಂಚಾರಕ್ಕೆ ತೆರೆದದ್ದು ೨೦೨೫ರ ಜುಲೈ ತಿಂಗಳಲ್ಲಿ. ಒಂದು ಹಾಳೆಗಾಗಿ ಒಂದು ದಿನದ ಕೂಲಿಯನ್ನೂ ಲಾಂಚಿನ ಸರದಿಯನ್ನೂ ತೆತ್ತವರಿಗೆ ಹದಿನೈದು ರೂಪಾಯಿಯೆಂಬುದು ಪಹಣಿಯ ನಿಜವಾದ ಬೆಲೆಯಾಗಿರಲಿಲ್ಲ.

ಈ ದೂರವನ್ನು ತಗ್ಗಿಸಲೆಂದು ೨೦೦೬ರ ಹೊತ್ತಿಗೆ ಹೋಬಳಿಗಳಲ್ಲಿ ‘ನೆಮ್ಮದಿ’ ಕೇಂದ್ರಗಳು ಬಂದವು. ರಾಜ್ಯದಲ್ಲಿ ಇವುಗಳ ಸಂಖ್ಯೆ ಸುಮಾರು ಎಂಟುನೂರು. ದಾಖಲೆಗಳು ಸರ್ಕಾರದವು, ಕೇಂದ್ರವನ್ನು ನಡೆಸುವ ಹೊಣೆ ಒಪ್ಪಂದದ ಮೇರೆಗೆ ಖಾಸಗಿ ಸಂಸ್ಥೆಗಳ ಕೂಟದ್ದು. ಕೆಲವು ವರ್ಷಗಳ ಅನಂತರ ಆ ಏರ್ಪಾಡು ಮುಗಿದು, ೨೦೧೨ರ ಸುಮಾರಿಗೆ ನಾಡಕಚೇರಿಗಳಲ್ಲಿ ಸರ್ಕಾರವೇ ನಡೆಸುವ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆ ಸ್ಥಾನಕ್ಕೆ ಬಂದವು. ಇಲ್ಲಿ ಒಂದು ವಿಷಯವನ್ನು ಯೋಚಿಸಬೇಕು. ಖಾಸಗಿ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದ ಎಂದಾದರೊಂದು ದಿನ ಮುಗಿಯುತ್ತದೆ. ರೈತನ ಜಮೀನಾದರೋ ಮೊಮ್ಮಕ್ಕಳ ಕಾಲಕ್ಕೂ ಇರುವಂತಹುದು. ದಾಖಲೆಯನ್ನು ಬರೆದಿರುವ ಕ್ರಮವು ಆ ಸಂಸ್ಥೆಗೆ ಮಾತ್ರ ತಿಳಿದ ಗುಟ್ಟಾಗಿದ್ದರೆ, ಅದು ಬಾಗಿಲು ಮುಚ್ಚಿದ ದಿನ ದಾಖಲೆಗೂ ಬೀಗ ಬಿದ್ದಂತೆ. ಬರೆದ ಕ್ರಮವು ಎಲ್ಲರಿಗೂ ತಿಳಿದಿರುವಂತಹುದಾದರೆ ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಕೈಗೆತ್ತಿಕೊಳ್ಳಬಹುದು.

ದಾಖಲೆಗೆ ಬೀಗ ಬೀಳುವುದೆಂದರೇನು ಎಂಬುದನ್ನು ಕನ್ನಡಿಗರು ಅಕ್ಷರದ ವಿಷಯದಲ್ಲಿ ಚೆನ್ನಾಗಿಯೇ ಅನುಭವಿಸಿದ್ದಾರೆ. ಗಣಕಯಂತ್ರಕ್ಕೆ ಅಕ್ಷರವೆಂಬುದು ತಿಳಿಯದು. ಅದಕ್ಕೆ ತಿಳಿದಿರುವುದು ಸಂಖ್ಯೆ ಮಾತ್ರ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿಕೊಂಡರೆ ಮಾತ್ರ ಯಂತ್ರವು ಬರೆದುದನ್ನು ಇಟ್ಟುಕೊಳ್ಳಬಲ್ಲುದು. ಮೊದಮೊದಲು ಈ ಸಂಖ್ಯೆಗಳ ಪಟ್ಟಿ ಇಂಗ್ಲಿಷಿನ ಅಕ್ಷರಗಳಿಗಾಗಿಯೇ ಸಿದ್ಧವಾಗಿತ್ತು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ತಂತ್ರಾಂಶಗಳನ್ನು ರಚಿಸಿದವರು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾಗಿದ್ದ ಆ ಮನೆಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ತಂದು ಕೂರಿಸಿದರು. ಬೇರೆ ದಾರಿಯಿರಲಿಲ್ಲವಾದುದರಿಂದ ಇದನ್ನು ತಪ್ಪೆನ್ನಲಾಗದು. ಕನ್ನಡದ ಮುದ್ರಣಕ್ಕೆ ಅವು ಸಲ್ಲಿಸಿದ ಸೇವೆ ಚಿಕ್ಕದೂ ಅಲ್ಲ. ಆದರೆ ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ ಕೂರಿಸಿದರು. ಒಂದು ಕಚೇರಿಯಲ್ಲಿ ಸಿದ್ಧವಾದ ಕನ್ನಡದ ಪತ್ರವನ್ನು ಬೇರೊಂದು ತಂತ್ರಾಂಶವಿರುವ ಕಚೇರಿಯಲ್ಲಿ ತೆರೆದರೆ ಕಾಣಿಸುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದಾಗಲಿ, ಒಂದು ಹೆಸರನ್ನು ಹುಡುಕುವುದಾಗಲಿ ಬಲುಕಷ್ಟ. ಊರಿಗೊಂದು ಕೊಳಗವಿದ್ದ ಕಾಲವೇ ಅಕ್ಷರಲೋಕದಲ್ಲಿ ಮರಳಿ ಬಂದಿತ್ತು.

ಇದರಿಂದ ಪಾರಾಗುವ ದಾರಿಯನ್ನು ಸರ್ಕಾರವೊಂದೇ ಹುಡುಕಲಿಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡಕ್ಕಾಗಿ ಒಂದು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಅದರ ಗುಟ್ಟು ಬಲು ಸರಳವಾದುದು: ಇಂಗ್ಲಿಷಿನ ‘ಕೆ’ ಕೀಲಿಯನ್ನು ಒತ್ತಿದರೆ ‘ಕ’, ಅದನ್ನೇ ಮೇಲಕ್ಷರದ ಕೀಲಿಯೊಡನೆ ಒತ್ತಿದರೆ ‘ಖ’. ಅಲ್ಪಪ್ರಾಣ ಮಹಾಪ್ರಾಣಗಳ ಸಂಬಂಧವನ್ನು ಬಲ್ಲ ಕನ್ನಡಿಗನಿಗೆ ಕಲಿಯಲು ಕಷ್ಟವೇ ಇಲ್ಲ. ರಾವ್ ಅವರು ಅದನ್ನು ತಮ್ಮ ಸೊತ್ತೆಂದು ಕಟ್ಟಿಡದೆ ಎಲ್ಲರ ಬಳಕೆಗೆ ಬಿಟ್ಟರು. ಕನ್ನಡ ಗಣಕ ಪರಿಷತ್ತು ಎಂಬ ಸಂಸ್ಥೆಯು ಕನ್ನಡಕ್ಕೆ ಒಂದೇ ಬಗೆಯ ಕೀಲಿಮಣೆಯೂ ಸಂಕೇತವೂ ಇರಬೇಕೆಂದು ದುಡಿಯಿತು. ೨೦೦೦ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರವು ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶವು ಸರ್ಕಾರದ ನೆರವಿನಿಂದ ಉಚಿತವಾಗಿ ಜನರಿಗೆ ದೊರೆಯಿತು. ಅದಕ್ಕೂ ಮುನ್ನ, ೧೯೯೮ರಲ್ಲಿ, ಶೇಷಾದ್ರಿವಾಸು ಅವರು ‘ಬರಹ’ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದ್ದರು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು ಕಾಡು, ಹಕ್ಕಿ, ಮೀನುಗಳ ಬಗೆಗೆ ತೋರಿದಷ್ಟೇ ಆಸಕ್ತಿಯನ್ನು ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗೆಗೂ ತೋರಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು.

ಕೀಲಿಮಣೆ ಒಂದಾದರೂ ಸಂಖ್ಯೆಗಳ ಪಟ್ಟಿ ಇಡೀ ಜಗತ್ತಿಗೆ ಒಂದಾಗಬೇಕಾಗಿತ್ತು. ಅಮೆರಿಕದಲ್ಲಿ ೧೯೯೧ರಲ್ಲಿ ನೋಂದಣಿಯಾದ ಯೂನಿಕೋಡ್ ಕೂಟವು ಆ ಕೆಲಸವನ್ನು ಕೈಗೊಂಡಿತು. ಅದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಗಣಕಯಂತ್ರಗಳನ್ನೂ ತಂತ್ರಾಂಶಗಳನ್ನೂ ಮಾರುವ ಕಂಪನಿಗಳು, ಪೇಟೆಯಲ್ಲಿ ಒಂದಕ್ಕೊಂದು ಪ್ರತಿಸ್ಪರ್ಧಿಗಳಾದವು, ಅಲ್ಲಿ ಒಂದೇ ಮೇಜಿನ ಸುತ್ತ ಕುಳಿತವು. ಮುಂದೆ ಭಾರತ ಸರ್ಕಾರವೂ ಅದರ ಸದಸ್ಯನಾಯಿತು. ಭಾರತೀಯ ಲಿಪಿಗಳಿಗಾಗಿ ಭಾರತದಲ್ಲಿ ೧೯೮೮ರಲ್ಲಿ ಸಿದ್ಧವಾಗಿದ್ದ ಸಂಕೇತದ ಪಟ್ಟಿಯನ್ನೇ ಯೂನಿಕೋಡ್ ತನ್ನ ಅಡಿಪಾಯವಾಗಿ ಬಳಸಿಕೊಂಡಿತು. ಆ ಪಟ್ಟಿಯಲ್ಲಿ ಕನ್ನಡಕ್ಕೆ ೧೨೮ ಮನೆಗಳು ದೊರೆತಿವೆ. ‘ಸಾಗರ’ ಎಂದು ಬರೆದರೆ ಯಂತ್ರವು ಇಟ್ಟುಕೊಳ್ಳುವುದು ೩೨೫೬, ೩೨೬೨, ೩೨೨೩, ೩೨೪೮ ಎಂಬ ನಾಲ್ಕು ಸಂಖ್ಯೆಗಳನ್ನು: ಸಕಾರ, ಆಕಾರದ ದೀರ್ಘಚಿಹ್ನೆ, ಗಕಾರ, ರಕಾರ. ಯಾವ ಕಂಪನಿಯ ಯಂತ್ರವಾದರೂ, ಯಾವ ದೇಶದಲ್ಲಿದ್ದರೂ ಸಾಗರಕ್ಕೆ ಇವೇ ಸಂಖ್ಯೆಗಳು. ತೆಲುಗಿನ ‘ಕ’ ೩೦೯೩, ಕನ್ನಡದ ‘ಕ’ ೩೨೨೧. ವ್ಯತ್ಯಾಸ ಸರಿಯಾಗಿ ೧೨೮. ನೆರೆಹೊರೆಯ ಲಿಪಿಗಳು ಪಟ್ಟಿಯಲ್ಲಿಯೂ ನೆರೆಹೊರೆಯವೇ ಆಗಿ, ಒಂದೇ ಅನುಕ್ರಮದಲ್ಲಿ ನಿಂತಿವೆ.

ಭಾರತ ಸರ್ಕಾರವು ೨೦೦೯ರಲ್ಲಿ ಯೂನಿಕೋಡನ್ನು ಆಡಳಿತದ ಮಾನಕವೆಂದು ಘೋಷಿಸಿತು. ಕರ್ನಾಟಕದಲ್ಲಿ ಕುವೆಂಪು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಕೆ. ಚಿದಾನಂದ ಗೌಡರ ನೇತೃತ್ವದ ಸಮಿತಿಯೂ ಅದನ್ನೇ ಶಿಫಾರಸು ಮಾಡಿ, ರಾಜ್ಯ ಸರ್ಕಾರವೂ ಅಂಗೀಕರಿಸಿತು. ೨೦೧೦ರ ನವೆಂಬರಿನಲ್ಲಿ ಕೇಂದ್ರವು ಮುಕ್ತ ಮಾನಕಗಳ ನೀತಿಯೊಂದನ್ನು ಪ್ರಕಟಿಸಿತು. ಆ ನೀತಿ ಸುಲಭವಾಗಿ ಹೊರಬರಲಿಲ್ಲ. ಒಂದು ಕೆಲಸಕ್ಕೆ ಹಲವು ಮಾನಕಗಳಿರಲಿ, ಬಳಸುವುದಕ್ಕೆ ಹಣ ಕೇಳುವ ಮಾನಕಗಳಿಗೂ ಎಡೆಯಿರಲಿ ಎಂಬ ವಾದ ಉದ್ಯಮದ ಕಡೆಯಿಂದ ಬಂದಿತು. ಶ್ರಮಪಟ್ಟು ಕಂಡುಹಿಡಿದವನಿಗೆ ಪ್ರತಿಫಲ ಬೇಡವೇ ಎಂಬುದು ಅವರ ಪ್ರಶ್ನೆ. ಅದು ತಳ್ಳಿಹಾಕುವಂತಹ ಪ್ರಶ್ನೆಯಲ್ಲ. ಆದರೆ ತಕ್ಕಡಿಗೆ ಬೆಲೆ ಕೇಳುವುದು ಬೇರೆ, ಕಿಲೋವಿಗೆ ಬೆಲೆ ಕೇಳುವುದು ಬೇರೆ. ಸಾಧ್ಯವಾದಲ್ಲೆಲ್ಲ ಒಂದು ಕೆಲಸಕ್ಕೆ ಒಂದೇ ಮಾನಕವಿರಬೇಕು, ಅದನ್ನು ಬಳಸಲು ರಾಯಧನ ತೆರಬೇಕಾಗಿರಬಾರದು, ಅದನ್ನು ರೂಪಿಸುವ ಚರ್ಚೆಯಲ್ಲಿ ಸಂಬಂಧಪಟ್ಟವರೆಲ್ಲರಿಗೂ ಪ್ರವೇಶವಿರಬೇಕು ಎಂಬ ತತ್ತ್ವವೇ ಕೊನೆಗೆ ನೀತಿಯಲ್ಲಿ ಉಳಿಯಿತು. ಅಂತಹ ಮಾನಕ ದೊರೆಯದ ಕಡೆ ವಿನಾಯಿತಿಗೆ ಅವಕಾಶವನ್ನು ಇಟ್ಟುಕೊಂಡರು.

ಈ ಮೂರರಲ್ಲಿ ಕೊನೆಯದನ್ನೇ ಜನರು ಹೆಚ್ಚಾಗಿ ಮರೆಯುತ್ತಾರೆ. ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಹೋಗಿ ಕುಳಿತು ಮಾತನಾಡುವವರು ಬೇಕು. ಹಾಗೆ ಹೋದಾಗ ಫಲ ದೊರೆತದ್ದುಂಟು: ಸಂಸ್ಕೃತದ ಶ್ಲೋಕಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಬೇಕಾಗುವ ಅವಗ್ರಹ ಚಿಹ್ನೆಯು ಕನ್ನಡದ ಪಟ್ಟಿಯಲ್ಲಿ ಮೊದಲು ಇರಲಿಲ್ಲ, ೨೦೦೩ರ ಆವೃತ್ತಿಯಲ್ಲಿ ಸೇರಿತು. ಬಲ್ಲವರು ಆರಂಭದಲ್ಲಿಯೇ ಇಲ್ಲದಿದ್ದರೆ ಆಗುವ ನಷ್ಟಕ್ಕೂ ಕನ್ನಡದಲ್ಲಿಯೇ ಒಂದು ನಿದರ್ಶನವಿದೆ. ಹಳಗನ್ನಡ ಪಾಠಗಳಲ್ಲಿ ವಿದ್ಯಾರ್ಥಿಗಳು ‘ೞ’ ಎಂಬ ಅಕ್ಷರವನ್ನು ಕಂಡಿರುತ್ತಾರೆ. ಇಂದಿನ ‘ಮಳೆ’ ಅಂದು ‘ಮೞೆ’, ‘ಏಳು’ ಎಂಬ ಸಂಖ್ಯೆ ಅಂದು ‘ಏೞು’. ತಮಿಳು ಮಲಯಾಳಗಳಲ್ಲಿ ಇದರ ಧ್ವನಿ ಇಂದಿಗೂ ಜೀವಂತವಾಗಿದೆ. ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರಕ್ಕೆ ೩೨೯೪ನೆಯ ಮನೆ ದೊರೆತಿದೆ. ಆದರೆ ಅದರ ಮುಂದೆ ಬರೆದ ಹೆಸರು ‘ಕನ್ನಡ ಅಕ್ಷರ ಫ’ ಎಂದು! ಕನ್ನಡ ವ್ಯಾಕರಣವನ್ನು ಓದಿದ ಯಾರೇ ಆಗಲಿ ಆ ತಪ್ಪನ್ನು ಒಂದೇ ನೋಟದಲ್ಲಿ ತೋರಿಸಿಕೊಡಬಹುದಾಗಿತ್ತು.

ತಪ್ಪು ಬೆಳಕಿಗೆ ಬಂದಿತು, ಆದರೂ ತಿದ್ದಲಾಗಲಿಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಎಂದಿಗೂ ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಆ ಹೆಸರುಗಳನ್ನು ನಂಬಿ ಜಗತ್ತಿನಾದ್ಯಂತ ತಂತ್ರಾಂಶಗಳು ರಚಿತವಾಗಿರುವುದರಿಂದ ನಿಯಮವನ್ನು ಕಠಿಣವೆನ್ನಬಹುದೇ ಹೊರತು ಅನ್ಯಾಯವೆನ್ನಲಾಗದು. ಮಾಪನವು ಪದೇ ಪದೇ ಬದಲಾದರೆ ಅದು ಮಾಪನವೇ ಅಲ್ಲ. ಆದುದರಿಂದ ಮೂಲದ ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರು ೞಕಾರವೆಂಬ ತಿದ್ದುಪಡಿಯನ್ನು ಬೇರೊಂದು ಪಟ್ಟಿಯಲ್ಲಿ ದಾಖಲಿಸಿದ್ದಾರೆ. ಇಂದು ಆಗುಂಬೆಯ ಹುಡುಗಿಯೊಬ್ಬಳು ‘ಮೞೆ’ ಎಂದು ಬರೆದು ಕಳುಹಿಸಿದರೆ ಅಮೆರಿಕದಲ್ಲಿ ಓದುವವರಿಗೂ ಅದು ‘ಮೞೆ’ ಎಂದೇ ಕಾಣುತ್ತದೆ. ಪಟ್ಟಿಯ ೩೨೯೪ನೆಯ ಮನೆಯಲ್ಲಿ ಹೆಸರು ಮಾತ್ರ ‘ಫ’ ಎಂದೇ ಉಳಿದಿದೆ.